ತುಳಸಿ ಅಂದ ತಪ್ಪಿಗೆ

ಪಂಪೇಶನ ಓರಗೆಯ ಹುಡುಗರೆಲ್ಲ ಸಂಡೂರಿನ ಗುಡ್ಡ ಅಗೆದು ಚೀನಾಕ್ಕೆ ಕಳಿಸುವ ಕೆಲಸದಲ್ಲಿದ್ದಾಗ, ಪಂಪೇಶ ಮಾತ್ರ ಎಲೆ ಅಗಿಯುವ ಕೆಲಸಕ್ಕೆ ಸೇರಿದ. ಹೊಸಪೇಟೆಯ ಒಂದು ಸಣ್ಣ ಕಂಪನಿ ರೈತರಿಗೆ ಸ್ಟೀವಿಯಾ ಎಂಬ ಗಿಡದ ಸಸಿ ಕೊಟ್ಟು, ಒಣಗಿಸಿದ ಎಲೆಯನ್ನು ತಾನೇ ಕೊಳ್ಳುತ್ತಿತ್ತು. ಸಕ್ಕರೆ ಕಾಯಿಲೆಯವರು ಚಹಾಕ್ಕೆ ಹಾಕಿಕೊಳ್ಳುವ ಸಿಹಿ ಪುಡಿ ಅದರಿಂದಾಗುತ್ತದೆ. ಹೊಲಹೊಲ ತಿರುಗಿ ಗಿಡ ನೋಡಿಕೊಂಡು ಬರುವುದು ಅವನ ನೌಕರಿ. ಗೆಳೆಯರು ಹೊಸ ಬೈಕಿನಲ್ಲಿ ಹೋಗುವಾಗ ಅವನು ಸೈಕಲ್ ಇಳಿದು ದಾರಿ ಬಿಡುತ್ತಿದ್ದ. ಕೇಳಿದವರಿಗೆ, ವ್ಯಾಯಾಮ ಎನ್ನುತ್ತಿದ್ದ.

ಬೇರೆ ಯಾರೂ ಒಪ್ಪದ್ದರಿಂದ ಕಡ್ಡಿರಾಂಪುರದ ದೊಡ್ಡವ್ವ ಭೀಮಮ್ಮನನ್ನು ಹಿಡಿದ. ಅವನ ತಾಯಿಯ ಅಕ್ಕ. ಬಾಳೆ ತೆಗೆದ ಅರ್ಧ ಎಕರೆ ಅವಳಲ್ಲಿ ಖಾಲಿ ಇತ್ತು.

"ಏನಂದಿ, ಸ್ಟೀಲ್ ಗಿಡಾನ?" ಎಂದಳು ಭೀಮಮ್ಮ. "ಅದು ತೋರಣಗಲ್ಲಾಗ ಮಾಡೋದಲ್ಲೇನು, ಗಿಡದಾಗ ಬಿಡತೈತಾ?"

"ಸ್ಟೀಲ್ ಅಲ್ಲ ದೊಡ್ಡವ್ವ, ಸ್ಟೀವಿಯಾ."

"ಬಾಯಾಗ ಹಿಡಿಲಾರದ ಹೆಸರು ಬ್ಯಾಡ. ನಮಗ ತಿಳಿಯಂಗ ಹೇಳು."

"ಸಿಹಿ ತುಳಸಿ ಅಂತ ತಿಳ್ಕೋ."

ಇಂಥ ಹೆಸರು ಹೊಳೆದದ್ದಕ್ಕೆ ಪಂಪೇಶ ಸಂಜೆಯವರೆಗೂ ಬೀಗಿದ.

ಶಿವರಾತ್ರಿ ಹೊತ್ತಿಗೆ ನೆಟ್ಟ ಗಿಡ ಕಾರಹುಣ್ಣಿಮೆ ಕಳೆದ ಮೇಲೆ ಮೊದಲ ಕೊಯ್ಲಿಗೆ ಬಂತು. ಎಲೆ ಸಿಹಿಯೆಂದರೆ ಸಿಹಿ. ಕಂಪನಿಯ ಮನೋಹರ್ ಸರ್ ಪರೀಕ್ಷೆ ಮಾಡಿ ತಲೆದೂಗಿದರು. ಆದರೆ ದಸರೆ ಮುಗಿದ ಮೇಲೆ ಕಳಿಸಿದ ಎಲೆಯ ಪೊಟ್ಟಣ ಹಿಡಿದು ಅದೇ ಮನೋಹರ್ ಸರ್ ಮುಖ ಸಿಂಡರಿಸಿದರು.

"ಸಿಹಿ ಅರ್ಧಕ್ಕೆ ಇಳಿದೈತಿ. ಹದಿನೈದು ದಿನದಾಗ ಇನ್ನೊಂದ್ ಸಲ ನೋಡ್ತೀನಿ. ಹಿಂಗ ಇದ್ರ ಆ ಹೊಲ ಕೈ ಬಿಡೋದ ನೋಡು."

ಕಂಪನಿ ಕೈ ಬಿಟ್ಟರೆ ಆ ಎಲೆಯನ್ನು ಕೇಳುವವರು ಹೊಸಪೇಟೆಯಿಂದ ಕಂಪ್ಲಿಯವರೆಗೆ ಯಾರೂ ಇರಲಿಲ್ಲ. ಭೀಮಮ್ಮ ಬೆಳೆಯನ್ನೆಲ್ಲ ಕಿತ್ತು ಹಾಕಬೇಕಾಗುತ್ತಿತ್ತು.

ಪಂಪೇಶನಿಗೆ ತಲೆಬುಡ ತಿಳಿಯಲಿಲ್ಲ. ಮೊದಲು ಅದಿರಿನ ಲಾರಿಗಳು ಎಬ್ಬಿಸುವ ಧೂಳಿನ ಮೇಲೆ ಅನುಮಾನ ಬಂತು. ಎಲೆಗೆ ಕೆಂಪು ಮಣ್ಣು ಮೆತ್ತಿದರೆ ಬಿಸಿಲು ತಾಗುವುದು ಹೇಗೆ? ಪಂಪು ಬೆನ್ನಿಗೇರಿಸಿ ಅರ್ಧ ಎಕರೆಗೂ ಸ್ನಾನ ಮಾಡಿಸಿದ. ನೀರು ಹೆಚ್ಚಾಯಿತೇನೋ ಎಂದು ನಾಲ್ಕು ದಿನ ನೀರು ಬಿಡಿಸಲಿಲ್ಲ. ಗಿಡ ಬಾಡಿದ್ದು ನೋಡಿ ಐದನೇ ದಿನ ಎರಡು ಪಟ್ಟು ಬಿಡಿಸಿದ. ಪಕ್ಕದ ತೋಟದ ಬಾಳೆಯ ನೆರಳನ್ನು ಬೈದ. ಪ್ರತಿ ಸಾಲಿನಲ್ಲೂ ಎಲೆ ಕಿತ್ತು ಅಗಿದ. ಕೊನೆಗೆ ಅವನ ನಾಲಿಗೆಯೇ ದಿಕ್ಕು ತಪ್ಪಿತು. ಕುಡಿಯುವ ನೀರೂ ಸಿಹಿ ಎನಿಸಿತು. ಸಾರಿಗೆ ಬೆಲ್ಲ ಸುರಿದಿದ್ದೀಯೆಂದು ಅವ್ವನ ಜೊತೆ ಜಗಳಾಡಿದ.

ಹನ್ನೆರಡನೇ ದಿನ ಹೊಲಕ್ಕೆ ಹೋದಾಗ, ಕೂಲಿಗೆ ಬಂದ ಹೆಂಗಸರು ಕುಡುಗೋಲು ಪಕ್ಕಕ್ಕಿಟ್ಟು ಬದುವಿನ ಮೇಲೆ ಕುಳಿತಿದ್ದರು. ಗಿಡದ ತುಂಬ ಬಿಳಿ ಹೂ.

"ಯಾಕ ಕುಂತೀರಿ?" ಎಂದ.

ಅವರಲ್ಲಿ ಹಿರಿಯಳಾದ ಬಸಕ್ಕ ಎಲೆಯಡಿಕೆ ಅತ್ತ ಸರಿಸಿ ಹೇಳಿದಳು: "ಶುಕ್ರವಾರ ಅಲ್ಲೇನ್ರಿ. ತುಳಸಿ ಮುಟ್ಟಂಗಿಲ್ಲ."

"ಮತ್ತೆ ಮಂಗಳವಾರ?"

"ಅವತ್ತೂ ಇಲ್ಲ. ಅಮಾಸಿಗಿಲ್ಲ. ಹೊತ್ತು ಮುಣುಗಿದ ಮ್ಯಾಲೆ ಮೊದ್ಲ ಇಲ್ಲ."

"ಅದಕ್ಕ ಕೊಯ್ಲು ತಡ ಆತು," ಎಂದಳು ಪಕ್ಕದಲ್ಲೇ ನಿಂತಿದ್ದ ಭೀಮಮ್ಮ. "ಈಗಂತೂ ಮೈತುಂಬ ಹೂ ಬಂದೈತಿ. ತುಳಸಿ ಲಗ್ನ ಮುಗೀಲಿ, ಆಮ್ಯಾಲೆ ನೋಡೋಣ."

ಪಂಪೇಶ ಚೀಲದಿಂದ ಕಂಪನಿಯ ಪುಸ್ತಿಕೆ ತೆಗೆದ. ಇಂಗ್ಲಿಷಿನದು, ಅವನು ನಾಲ್ಕನೇ ಪುಟದಲ್ಲೇ ಸುಸ್ತಾಗಿ ನಿಲ್ಲಿಸಿದ್ದ. ಒಂಬತ್ತನೇ ಪುಟದಲ್ಲಿತ್ತು: ಹಗಲು ಕಿರಿದಾಗುತ್ತಿದ್ದಂತೆ ಈ ಗಿಡ ಹೂವಿಗೆ ಓಡುತ್ತದೆ, ಹೂ ಬಿಟ್ಟ ಮೇಲೆ ಎಲೆಯ ಸಿಹಿ ಇಳಿಯುತ್ತದೆ, ಮೊಗ್ಗು ಅರಳುವ ಮೊದಲೇ ಕೊಯ್ಯಬೇಕು. ಹಿಂದಿನ ವಾರ ಬಂದಾಗ ಅದೇ ಹೂವನ್ನು ಕಂಡು, ಬೆಳೆ ಮಸ್ತ್ ಬಂದಿದೆ ಎಂದು ಹೊಗಳಿದ್ದವನು ಅವನೇ.

"ದೊಡ್ಡವ್ವ, ಇದು ತುಳಸಿ ಅಲ್ಲ."

"ನೀನ ಅಂದ್ಯಲ್ಲ."

"ಸುಮ್ನ ಅಂದೆ."

"ತುಳಸಿ ಅಂತ ಯಾರರ ಸುಮ್ನ ಅಂತಾರೇನಲೇ? ದಿನಾ ಕುಂಕುಮ ಇಟ್ಟೀನಿ, ಎಂಟು ತಿಂಗಳು ಕೈ ಮುಗದೀನಿ. ಮುಗದ ಕೈ ವಾಪಸ್ ತಗೋಳಾಕ ಬರತೈತೇನು?"

ಬಸಕ್ಕನೂ ಸೇರಿಸಿದಳು: "ತೊಟ್ಲದಾಗ ಹೆಸರಿಟ್ಟ ಮ್ಯಾಲೆ ಕೂಸು ನಮ್ಮದಲ್ಲ ಅಂದಂಗಾತು."

ಪಂಪೇಶ ಬದುವಿನ ಮೇಲೆಯೇ ಕುಕ್ಕರಿಸಿ ಮನೋಹರ್ ಸರ್‌ಗೆ ಫೋನ್ ಮಾಡಿದ. ತಪ್ಪನ್ನು ಧೂಳಿನ ಮೇಲೆ ಹಾಕಬಹುದಿತ್ತು. ಬಳ್ಳಾರಿ ಜಿಲ್ಲೆಯಲ್ಲಿ ಧೂಳಿನ ಮೇಲೆ ಏನು ಹಾಕಿದರೂ ಜನ ನಂಬುತ್ತಿದ್ದ ಕಾಲ ಅದು. ಆದರೆ ಎದುರಿಗೆ ದೊಡ್ಡವ್ವ ನಿಂತಿದ್ದಳು. "ತಪ್ಪು ನಂದು ಸರ್. ನಾನು ಹೆಸರು ತಪ್ಪಿಟ್ಟೆ, ಪುಸ್ತಕಾನೂ ಪೂರ್ತಿ ಓದಿಲ್ಲ," ಎಂದ.

ಆಚೆಯಿಂದ ಸರ್ ಅಂದರು: "ಬುಡಕ್ಕ ಕತ್ತರಿಸು. ಚಳಿಯಾಗ ಮತ್ತ ಮೊಗ್ಗು ಬರ್ತಾವ, ಚಿವುಟಿಕೋತ ಇರು. ಹಗಲು ಉದ್ದ ಆದ ಮ್ಯಾಲೆ ಎಲೆ ಕಳಿಸು. ಅದ ಕಡೀ ಅವಕಾಶ."

ಲಗ್ನ ಮುಗಿದ ಮೇಲೆ ಕತ್ತರಿಸಲು ಭೀಮಮ್ಮನೂ ಒಪ್ಪಿದಳು, ಒಂದು ಕರಾರಿನ ಮೇಲೆ. "ಉಳಿದ ದಿನ ನಾವು ಚಿವುಟ್ತೀವಿ. ಮಂಗಳವಾರ, ಶುಕ್ರವಾರ ನೀ ಬಾ. ಪಾಪ ಬಂದ್ರ ನಿನಗ ಬರ್ಲಿ."

ಚಳಿಗಾಲವಿಡೀ ಪಂಪೇಶ ಆ ಎರಡು ದಿನ ಬಗ್ಗಿಕೊಂಡು ಮೊಗ್ಗು ಚಿವುಟಿದ. ಹೆಂಗಸರು ಬದುವಿನ ಮೇಲೆ ಕುಳಿತು, ಸಾಹೇಬರ ಸೊಂಟ ಇನ್ನೂ ಬಗ್ಗಬೇಕು ಎಂದು ಸಲಹೆ ಕೊಟ್ಟರು. ಯಾರೂ ನೋಡದಾಗ ಅವನೂ ಸಾಲಿಗೊಮ್ಮೆ ತಪ್ಪಾಯ್ತವ್ವ ಎಂದುಕೊಳ್ಳುತ್ತಿದ್ದ.

ಯುಗಾದಿ ಕಳೆದು ಕಳಿಸಿದ ಎಲೆ ಪಾಸಾಯಿತು. ಗಿಡ ಉಳಿಯಿತು. ಸಿಹಿ ಮರಳಿದ್ದಕ್ಕೆ ಕಾರಣ ಬರೆದು ಕೊಡು ಎಂದು ಕಂಪನಿ ಒಂದು ಫಾರಂ ಕಳಿಸಿತು. ಹಗಲು ಉದ್ದವಾದದ್ದು, ಮೊಗ್ಗು ಚಿವುಟಿದ್ದು ಎಂದು ಪಂಪೇಶ ಬರೆದ. ಧೂಳು ತೊಳೆದದ್ದೂ ಸೇರಿತೋ, ಬಾಳೆಯ ನೆರಳು ಸರಿದದ್ದೂ ಸೇರಿತೋ, ಯಾವುದರದ್ದು ಎಷ್ಟು ಪಾಲೋ ಅವನಿಗೆ ಈಗಲೂ ತಿಳಿಯದು. ಪೆನ್ನು ಹಿಡಿದು ಕೂತದ್ದು ನೋಡಿ ಭೀಮಮ್ಮ ಹೆಗಲ ಮೇಲಿಂದ ಬಗ್ಗಿದಳು.

"ಕುಂಕುಮ ಇಟ್ಟಿದ್ದು ಬರದ್ಯಾ?"

"ಇಲ್ಲ ದೊಡ್ಡವ್ವ."

"ಬರಿ."

ಪಂಪೇಶ ಬರೆದ.