ಶಾರ್ಟ್‌ಕಟ್ ಮೇಡಂ

ಸರಸ್ವತಿಪುರಂನ ಡಿಟಿಪಿ ಅಂಗಡಿಯಲ್ಲಿ ನನ್ನ ಜೊತೆಗಿದ್ದ ಆಪರೇಟರ್ ಮೇಡಂ ಕೀಬೋರ್ಡ್ ನೋಡಿದ್ದನ್ನು ನಾನು ಕಾಣೆ. ಗಿರಾಕಿಯ ಮುಖ ನೋಡಿ ಮಾತಾಡುತ್ತಲೇ ಟೈಪ್ ಮಾಡೋರು. ಲಗ್ನಪತ್ರಿಕೆಗೂ ತೀರಿಕೊಂಡವರ ಶಿವಗಣಾರಾಧನೆ ಕಾರ್ಡಿಗೂ ಪದೇ ಪದೇ ಬೇಕಾಗುವ ಸಾಲುಗಳಿಗೆ ಶಾರ್ಟ್‌ಕಟ್ ಮಾಡಿಟ್ಟಿದ್ದರು. ಕೀ ಒತ್ತಿದರೆ ಇಡೀ ಸಾಲು ಬೀಳುತ್ತಿತ್ತು. ಯಾವುದು ಎಲ್ಲಿದೆ ಅಂತ ಕೇಳಿದರೆ, "ಬೆರಳಿಗೆ ಗೊತ್ತಿರುತ್ತೆ ಬಿಡಿ" ಅನ್ನೋರು.

ನನ್ನಂಥ ಮೇಧಾವಿಗೆ ಈ ಅಶಿಸ್ತು ಸಹಿಸೋಕಾಗಲಿಲ್ಲ. ಅವರು ರಜೆ ಹಾಕಿದ ದಿನ ಎಲ್ಲವನ್ನೂ ವೈಜ್ಞಾನಿಕವಾಗಿ ಜೋಡಿಸಿದೆ: ಮೇಲಿನ ಸಾಲಿನ ಕೀಗಳಿಗೆ ಮದುವೆ, ಅದರ ಕೆಳಗಿನ ಸಾಲಿಗೆ ಸಾವು. ಅದೇ ಜಂಬದಲ್ಲಿ ನನ್ನ ಲಗ್ನಪತ್ರಿಕೆಯನ್ನೂ ಟೈಪ್ ಮಾಡಿ, ಮರುದಿನ ಬಂದ ಅವರ ಕೈಗೆ ಪ್ರಿಂಟ್ ಕೊಟ್ಟೆ.

ಮೇಡಂ ಕನ್ನಡಕ ಏರಿಸಿಕೊಂಡು ಓದಿದರು. ನನ್ನ ಹೆಸರು, ಹುಡುಗಿಯ ಹೆಸರು, ಮುಹೂರ್ತ ಎಲ್ಲ ಸರಿಯಿತ್ತು. ಕೊನೆಯಲ್ಲಿ "ತಮ್ಮ ಆಗಮನಾಭಿಲಾಷಿಗಳು" ಇರಬೇಕಾದ ಕಡೆ "ದುಃಖತಪ್ತ ಕುಟುಂಬವರ್ಗ" ಅಂತಿತ್ತು.

"ಅಯ್ಯೋ, ಕೆಳಗಿನ ಕೀ ಒತ್ತಿಬಿಟ್ಟೆ ಮೇಡಂ!" ಅಂದೆ.

ಅವರು ಗಿರಾಕಿಯನ್ನು ನೋಡುವ ಹಾಗೆ ನನ್ನ ಮುಖವನ್ನೇ ನೋಡಿದರು.

"ಇರಲಿ ಕಣ್ರೀ. ಬೆರಳಿಗೆ ಗೊತ್ತಿರುತ್ತೆ ಬಿಡಿ."