ಕಾರಣವಿಲ್ಲದ ಸಿಟ್ಟಿನ ಹುಡುಗಿ

ನಾನು ಬರೆದ ಕಾದಂಬರಿಯ ನಾಯಕಿಯನ್ನು ಕಂಡರೆ ಯಾರಿಗೂ ಆಗುವುದಿಲ್ಲ. ನನಗೂ ಅಷ್ಟಕ್ಕಷ್ಟೇ. ಹದಿನೈದು ವರ್ಷದ ಹುಡುಗಿ, ಪುಸ್ತಕದ ಉದ್ದಕ್ಕೂ ಮುಖ ಗಂಟಿಕ್ಕಿಕೊಂಡೇ ಇರುತ್ತಾಳೆ. ಕರೆದರೆ ಓಗೊಡುವುದಿಲ್ಲ, ಬಡಿಸಿದರೆ ತಟ್ಟೆ ಸರಿಸುತ್ತಾಳೆ, ಏನಾಯಿತೆಂದು ಕೇಳಿದರೆ ‘ಏನಿಲ್ಲ’ ಎನ್ನುತ್ತಾಳೆ. ಅವಳ ಅಮ್ಮನೋ ಸಹನೆಯ ಮೂರ್ತಿ. ಕೊನೆಯ ಅಧ್ಯಾಯದಲ್ಲಿ ಮಗಳು ಆ ಅಮ್ಮನ ಮಡಿಲಲ್ಲಿ ತಲೆಯಿಟ್ಟು ಅಳುತ್ತಾಳೆ. ಹದಿಹರೆಯದ ಮಕ್ಕಳು ಓದಲಿ ಎಂದು ಬರೆದದ್ದು. ಮೊದಲು ಬೈದವರು ಅವರೇ.

ಗುಂಡ್ಲುಪೇಟೆಯ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುತ್ತೇನೆ. ಮನೆ ಚಾಮರಾಜನಗರದಲ್ಲಿ. ಎಷ್ಟೋ ವರ್ಷಗಳಿಂದ ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ತೆರಕಣಾಂಬಿ ಬರುವ ಹೊತ್ತಿಗೆ ಸೀಟು ಸಿಕ್ಕರೆ ಪುಣ್ಯ. ಸಿಕ್ಕ ಕೂಡಲೇ ತೊಡೆಯ ಮೇಲೆ ಮಕ್ಕಳ ಹಾಳೆಗಳ ಕಟ್ಟು, ಕೈಯಲ್ಲಿ ಕೆಂಪು ಪೆನ್ನು. ಮನೆಗೆ ಹೋದರೆ ಅಡುಗೆ ಕಾಯುತ್ತಿರುತ್ತದೆ, ಹಾಗಾಗಿ ತಿದ್ದುವುದೆಲ್ಲ ಬಸ್ಸಿನಲ್ಲೇ. ರಸ್ತೆ ಕೆಟ್ಟಿರುವ ಕಡೆ ರೈಟ್ ಮಾರ್ಕು ಹಾಳೆ ದಾಟಿ ಸೀರೆಗೆ ಬರುತ್ತದೆ. ‘ಮಿಸ್ಸು ಬಸ್ಸಲ್ಲಿ ತಿದ್ದವ್ರೆ ಕಣ್ಲಾ’ ಎಂದು ಹುಡುಗರು ಸೊಟ್ಟ ಗೆರೆ ನೋಡಿಯೇ ಹೇಳುತ್ತಾರೆ.

ಎಲ್ಲವನ್ನೂ ಓದಿ ತಿದ್ದುತ್ತೇನೆ ಎಂದರೆ ಸುಳ್ಳಾಗುತ್ತದೆ. ಮೊದಲ ಸಾಲು, ನಡುವೆ ಒಂದು ಕಣ್ಣು, ಕೊನೆಯ ಸಾಲು. ಕೆಳಗೆ ‘ನೋಡಿದೆ’ ಎಂದು ಬರೆದು ಸಹಿ, ತಾರೀಖು. ನಮ್ಮ ಕಸುಬಿನಲ್ಲಿ ಇದನ್ನು ಮಾಡದವರು ಕಡಿಮೆ. ತೂಕಡಿಸುತ್ತಿದ್ದರೂ ಆ ಮೂರಕ್ಷರ ಕೈಯಿಂದ ತಾನಾಗಿ ಬೀಳುತ್ತದೆ.

ಕಾದಂಬರಿ ಅಚ್ಚಾಗಿ ಬಂದಾಗ ಕ್ಲಾಸಿಗೆ ಎರಡು ಪ್ರತಿ ಕೊಟ್ಟಿದ್ದೆ. ಹತ್ತನೇ ತರಗತಿಯ ಒಬ್ಬ ಹುಡುಗಿ ಮೂರೇ ದಿನದಲ್ಲಿ ಓದಿ ಮುಗಿಸಿದಳು. ಬೆಳಿಗ್ಗೆ ಹೊಲದಲ್ಲಿ ಚೆಂಡುಹೂ ಕಿತ್ತು, ಫೋಟೊ ತೆಗೆಸಿಕೊಳ್ಳಲು ಕಾರು ನಿಲ್ಲಿಸಿ ಗಿಡ ತುಳಿಯುವ ಕೇರಳದವರನ್ನು ಅವರ ಮಲಯಾಳದಲ್ಲೇ ಗದರಿಸಿ, ಆಮೇಲೆ ಸ್ಕೂಲಿಗೆ ಬರುವವಳು. ಅವಳಿಗೆ ಸುಮ್ಮಸುಮ್ಮನೆ ಮುನಿಸಿಕೊಳ್ಳಲು ಪುರಸೊತ್ತೆಲ್ಲಿ?

‘ಆ ಉಡ್ಗಿಗೆ ಏನಾಗದೆ ಅಂತ ಅಂಗಾಡ್ತಳೆ ಮಿಸ್?’ ಎಂದಳು. ‘ಅವ್ರವ್ವ ಎಷ್ಟ್ ಒಳ್ಳೇರು! ನಾನಾಗಿದ್ರೆ ಎರಡು ಬುಟ್ಟು ಸರಿ ಮಾಡ್ಬುಡ್ತಿದ್ದೆ.’

ಆಮೇಲೆ ಪ್ರಕಾಶನದ ಸಂಪಾದಕರ ಫೋನು. ‘ಮರುಮುದ್ರಣಕ್ಕೆ ಹಾಕ್ತಿದ್ದೀವಿ ಮೇಡಂ. ಆದ್ರೆ ಎಲ್ರೂ ಒಂದೇ ಮಾತು ಕೇಳ್ತಿದಾರೆ. ಹುಡುಗಿಗೆ ಯಾಕಷ್ಟು ಸಿಟ್ಟು? ಕಾರಣ ಕೊಟ್ಟು ಒಂದು ಅಧ್ಯಾಯ ಸೇರಿಸಿಬಿಡಿ.’

ಆಗಲಿ ಎಂದೆ. ಒಂದು ತಿಂಗಳು ಕಳೆದರೂ ಒಂದು ಸಾಲು ಬರೆಯಲಾಗಲಿಲ್ಲ. ಕಾರಣ ನನಗೂ ಗೊತ್ತಿರಲಿಲ್ಲ. ಆ ಹುಡುಗಿಯನ್ನು ನಾನು ಕಟ್ಟಿದ್ದಲ್ಲ, ಮನೆಯಿಂದ ಹೇಳದೆ ಕೇಳದೆ ಎತ್ತಿಕೊಂಡದ್ದು. ಅವಳು ನನ್ನ ಮಗಳು.

ಹತ್ತನೇ ತರಗತಿಯಲ್ಲಿದ್ದಾಗ ಒಂದು ದಿನ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದಳು. ಪೂರ್ತಿ ಮೂಕಿಯಾದಳು ಎಂದಲ್ಲ. ಹೂಂ, ಬೇಡ, ಗೊತ್ತಿಲ್ಲ, ಇಷ್ಟು ಉಳಿಯಿತು. ಅದಕ್ಕೆ ಮುಂಚೆ ನಾನು ಚಪ್ಪಲಿ ಬಿಡುವಷ್ಟರಲ್ಲಿ ಇಡೀ ದಿನದ ವರದಿ ಒಪ್ಪಿಸುತ್ತಿದ್ದವಳು. ಮೊದಲು ಕೇಳಿದೆ, ಆಮೇಲೆ ರೇಗಿದೆ, ಅವಳಿಗೆ ಇಷ್ಟವಾದ ಅಕ್ಕಿ ರೊಟ್ಟಿ ತಟ್ಟಿ ಕೊಟ್ಟೆ. ಕೊನೆಗೆ ಸುಸ್ತಾಗಿ ನಾನೂ ಸುಮ್ಮನಾದೆ. ಹೀಗೆ ಎರಡು ವರ್ಷ. ಮನೆಯಲ್ಲಿ ಸಿಗದ ಮಗಳನ್ನು ಪುಸ್ತಕದಲ್ಲಿ ಮಡಿಲಿಗೆ ಎಳೆದುಕೊಂಡೆ. ಓದಿಯಾದರೂ ಕರಗುತ್ತಾಳೆ ಎಂಬ ಆಸೆಯಿತ್ತು, ಸುಳ್ಳೇಕೆ? ಅವಳು ಓದಿ ಟಿವಿಯ ಕೆಳಗೆ ಇಟ್ಟಳು, ಅಷ್ಟೇ.

ಒಂದು ಭಾನುವಾರ ಬೆಳಿಗ್ಗೆ ಹಿತ್ತಲಿನ ನೀರೊಲೆಗೆ ಮಗಳು ತೆಂಗಿನ ಮಟ್ಟೆ ತುಂಬುತ್ತಿದ್ದಳು. ನಾನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತೆ. ಅಮ್ಮನಾಗಿ ಕೇಳುವ ಶಕ್ತಿ ಮುಗಿದಿತ್ತು. ಬರೆದವಳಾಗಿ ಕೇಳಿದೆ.

‘ಆ ಪುಸ್ತಕದ ಹುಡುಗಿಗೆ ಯಾಕೆ ಅಷ್ಟು ಸಿಟ್ಟು ಅಂತ ಎಲ್ರೂ ಕೇಳ್ತಾವ್ರೆ. ನಂಗೆ ಗೊತ್ತಿಲ್ಲ ಕಣಮ್ಮಿ. ನಿಂಗೊತ್ತಾ?’

ಅವಳು ಒಲೆ ಕೆದಕಿದಳು. ‘ಬರ್ದಿದ್ನಲ್ಲ.’

‘ಏನ?’

‘ಕಾಗ್ದ. ನಾಕು ಪುಟ. ನಿನ್ ಕಟ್ಟೊಳಗೇ ಇಟ್ಟಿದ್ದೆ.’

ಆಮೇಲೆ ಬಿಡಿಬಿಡಿಯಾಗಿ ಹೇಳಿದಳು. ಅವಳಿಗೆ ನನ್ನ ಹತ್ತಿರ ಹೇಳಿಕೊಳ್ಳಬೇಕಾದದ್ದು ಏನೋ ಇತ್ತು, ಎದುರಿಗೆ ನಿಂತು ಹೇಳಲಾಗಲಿಲ್ಲ. ಅಮ್ಮ ದಿನಾ ತಪ್ಪದೆ ಓದುವುದು ಆ ಹಾಳೆಗಳ ಕಟ್ಟನ್ನು, ಅದರೊಳಗಿಟ್ಟರೆ ಖಂಡಿತ ಓದುತ್ತಾಳೆ ಎಂದು ಬೆಳಿಗ್ಗೆ ಕಾಗದ ಸೇರಿಸಿಟ್ಟಳು. ಸಂಜೆ ನಾನು ಚೀಲ ಇಳಿಸಿ ಅಡುಗೆಮನೆಗೆ ಹೋದಾಗ ಕಟ್ಟು ಬಿಚ್ಚಿ ನೋಡಿದಳು. ನಾಲ್ಕನೇ ಪುಟದ ಕೊನೆಗೆ ಕೆಂಪು ಶಾಯಿಯಲ್ಲಿ ‘ನೋಡಿದೆ’ ಎಂದಿತ್ತು. ಕೆಳಗೆ ನನ್ನ ಸಹಿ, ತಾರೀಖು.

ಆ ವಾರದ ಕೆಲಸ ನನಗೆ ನೆನಪಾಯಿತು. ಅಮ್ಮನಿಗೆ ಪತ್ರ ಬರೆಯಿರಿ ಎಂದು ಹತ್ತನೇ ತರಗತಿಗೆ ಕೊಟ್ಟಿದ್ದೆ. ಕಟ್ಟಿನ ಪ್ರತಿಯೊಂದು ಹಾಳೆಯೂ ‘ಪ್ರೀತಿಯ ಅಮ್ಮನಿಗೆ’ ಎಂದೇ ಶುರುವಾಗುತ್ತಿತ್ತು. ಇವಳದೂ ಹಾಗೇ ಶುರುವಾಗಿರಬೇಕು.

‘ನಾನು ಅದನ್ನ ಓದೇ ಇಲ್ಲ ಕಣೇ. ಸ್ಕೂಲ್ ಮಕ್ಕಳದು ಅಂದ್ಕೊಂಡ್ಬುಟ್ಟೆ.’

ಇದನ್ನು ಕೇಳಿದರೆ ಅವಳಿಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಅವಳು ತಲೆಯೆತ್ತಿ ನನ್ನ ಮುಖ ನೋಡಿದಳು.

‘ಓದ್ದೆ ಇದ್ರೂ ನೋಡ್ದೆ ಅಂತ ಬರಿತೀಯಾ?’

‘ಹೂಂ’ ಎಂದೆ. ಎರಡು ವರ್ಷ ಅವಳು ಕೊಟ್ಟ ಉತ್ತರವೇ ನನ್ನ ಬಾಯಿಂದ ಬಂತು.

‘ಈಗಾರ ಹೇಳು. ಏನಿತ್ತು ಅದ್ರಲ್ಲಿ?’

‘ಅವತ್ತೇ ಇದೇ ಒಲೆಗೆ ಹಾಕ್ಬುಟ್ಟೆ.’

‘ಬರೆದದ್ದು ಗ್ಯಾಪ್ಕ ಇರ್ತದಲ್ಲ?’

ಅವಳು ನಿಜವಾಗಿಯೂ ಯೋಚಿಸಿದಳು. ಮುಚ್ಚಿಡಲು ನೋಡುತ್ತಿಲ್ಲ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು. ‘ಇಲ್ಲಮ್ಮ. ತುಂಬ ಅತ್ಕೊಂಡು ಬರ್ದಿದ್ದೆ, ಅಷ್ಟು ಗೊತ್ತು. ನಾನ್ ಬರ್ದಿದ್ದು ಮರ್ತೋಗದೆ. ನೀನ್ ಬರ್ದಿದ್ದೇ ನೆನಪಿರೋದು.’

ನನಗೆ ಅಳು ಬರಲಿಲ್ಲ. ನಾಚಿಕೆಯಾಯಿತು. ಮಡಿಲಲ್ಲಿ ಯಾರೂ ತಲೆಯಿಡಲಿಲ್ಲ. ‘ನೀರು ಕಾಯ್ತು, ಓಗಿ ಸ್ನಾನ ಮಾಡು’ ಎಂದು ಹೇಳಿ ಅವಳು ಒಳಗೆ ಹೋದಳು.

ಮರುದಿನ ಬಸ್‌ಸ್ಟ್ಯಾಂಡಿನಿಂದಲೇ ಸಂಪಾದಕರಿಗೆ ಫೋನ್ ಮಾಡಿದೆ. ಹುಡುಗಿಯ ಭಾಗ ಇದ್ದ ಹಾಗೇ ಇರಲಿ, ನಾನು ತಿದ್ದಬೇಕಾದದ್ದು ಅಮ್ಮನ ಭಾಗ ಎಂದೆ.

‘ಅಯ್ಯೋ, ಅಮ್ಮನ್ನ ಯಾಕೆ ಮೇಡಂ ಮುಟ್ತೀರಿ?’ ಎಂದರು ಅವರು. ‘ಇಡೀ ಪುಸ್ತಕದಲ್ಲಿ ಎಲ್ಲರಿಗೂ ಇಷ್ಟವಾಗಿರೋದೇ ಅವರೊಬ್ಬರು.’

ಗೊತ್ತು ಎಂದೆ. ಹಾಗೆ ಕಾಣಲಿ ಎಂದೇ ಬರೆದಿದ್ದೆನಲ್ಲ.