ಪಾರ್ಕಿನಲ್ಲಿ ಹುಚ್ಚೆಳ್ಳು

ಇವತ್ತು ಬೆಳಿಗ್ಗೆ ಸೊಸೆ ಚಟ್ನಿಪುಡಿಗೆಂದು ಹುಚ್ಚೆಳ್ಳು ಹುರಿಯುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮಂಡ್ಯದ ಪಾರ್ಕಿನಲ್ಲಿದ್ದೆ... ಕಬ್ಬಿಣದ ಬೆಂಚು, ಗಾಳಿಯಲ್ಲಿ ಕಾಕಂಬಿಯ ಘಾಟು, ಎದುರಿಗೆ ಮಾಲಿ ಸಾಬರು.

ನನ್ನ ಯಜಮಾನರು ಸಕ್ಕರೆ ಕಾರ್ಖಾನೆಯಲ್ಲಿ ಗುಮಾಸ್ತರು. ಮದುವೆಯಾಗಿ ಬಂದ ಹೊಸತರಲ್ಲಿ ಎರಡು ಕೋಣೆಯ ಕ್ವಾರ್ಟರ್ಸಿನೊಳಗೆ ಉಸಿರು ಕಟ್ಟುತ್ತಿತ್ತು. ಸಂಜೆ ಪಾರ್ಕಿನಲ್ಲಿ ಕೂತರೇ ಜೀವ ಬಂದಂತೆ. ಇಂಗ್ಲೆಂಡಿನ ಪಾರ್ಕುಗಳಂತೆ ಇರಲೆಂದು ಯಾರು ಮಾಡಿಸಿದ್ದರೋ, ದುಂಡನೆಯ ಪಾತಿಗಳ ತುಂಬ ನನ್ನ ಬಾಯಿಗೆ ಬಾರದ ಹೆಸರಿನ ಹೂಗಳು. ಒಂದನ್ನು ಕಿತ್ತರೂ ಸಾಬರು ಸುಮ್ಮನಿರುತ್ತಿರಲಿಲ್ಲ. ಕಾರ್ಖಾನೆಯ ದೊಡ್ಡ ಸಾಹೇಬರ ಹೆಂಡತಿಯನ್ನೂ ಗದರಿದ್ದರಂತೆ.

ಎರಡನೇ ಮಹಾಯುದ್ಧ ಬಂತು, ಕಾಳುಕಡ್ಡಿಗೆ ಬರ. ಹೂವು ಸಾಕು, ರಾಗಿ ಬೆಳೆಯಿರಿ ಎಂದು ಹುಕುಂ ಆಯಿತು. ಸಾಬರು ಮೂರು ದಿನ ಕೈಯಾರೆ ಪಾತಿಗಳನ್ನು ಅಗೆದರು. ಇಷ್ಟು ಸುಲಭಕ್ಕೆ ಒಪ್ಪಿಬಿಟ್ಟರಲ್ಲ ಎಂದು ನನಗೆ ಅವರ ಮೇಲೇ ಸಿಟ್ಟು. ನವರಾತ್ರಿಯ ಹೊತ್ತಿಗೆ ನೋಡಿದರೆ ರಾಗಿಯ ನಡುವೆ ಸಾಲುಸಾಲಾಗಿ ಹುಚ್ಚೆಳ್ಳು ಹೂಬಿಟ್ಟು, ಪಾರ್ಕೆಲ್ಲ ಹಳದಿ... ಕನಸಿನಲ್ಲಿ ನಡೆದಂತೆ ಅದರೊಳಗೆ ನಡೆದೆ.

ತನಿಖೆಗೆ ಬಂದ ಅಧಿಕಾರಿ ಇದೇನೆಂದು ಕೇಳಿದರು. ಸಾಬರು ತಲೆಯೆತ್ತಲಿಲ್ಲ.

"ಅಕ್ಕಡಿ ಸಾಲು ಆಕ್ದೆ ಯಾವ ರೈತ ರಾಗಿ ಬಿತ್ತಾನೆ ಸ್ವಾಮಿ? ಎಣ್ಣೆಕಾಳು ಕಣೇಳಿ, ಊವಲ್ಲ."

ರೈತರ ಮನೆಯವರೇ ಆಗಿದ್ದ ಆ ಅಧಿಕಾರಿ ನಕ್ಕು ಹೋದರು.

ಕುಯ್ಲಾಗಿ ಬೆಳೆಯೆಲ್ಲ ಉಗ್ರಾಣ ಸೇರಿತು. ಬುಡದಲ್ಲಿ ಉದುರಿದ್ದನ್ನು ಆಯ್ದು, ಒಂದು ಹಿಡಿ ಹುಚ್ಚೆಳ್ಳನ್ನು ಬಟ್ಟೆಯಲ್ಲಿ ಕಟ್ಟಿ ಸಾಬರು ನನ್ನ ಕೈಗೆ ಕೊಟ್ಟರು, ಇಟ್ಟುಕೊಳ್ಳಿ ಎಂದರು. ಹುಚ್ಚೆಳ್ಳು ಕೈಗೆ ಬಂದರೆ ನಮ್ಮ ಸೀಮೆಯ ಹೆಂಗಸು ಮಾಡುವುದು ಒಂದೇ. ಅದೇ ದಿನ ಹುರಿದು, ಕುಟ್ಟಿ, ಪುಡಿ ಮಾಡಿಬಿಟ್ಟೆ.

ಮುಂಗಾರು ಮಳೆ ಬಿದ್ದಾಗ ಸಾಬರು ಹಿತ್ತಲ ಬಾಗಿಲಿಗೆ ಬಂದರು.

"ಬಿತ್ನೆ ಬೀಜ ಕೊಡಮ್ಮ. ಸಾಲು ಬುಟ್ಟಿವ್ನಿ."

ತಮ್ಮ ಮನೆ ಸೋರುತ್ತದೆ, ಬೀಜ ಬೂಸಲು ಹಿಡಿದೀತು ಎಂದು ನನ್ನಲ್ಲಿಟ್ಟಿದ್ದರಂತೆ. ಅಂಗಡಿಗಳಲ್ಲಿ ಎಣ್ಣೆಕಾಳೇ ಕಾಣೆಯಾಗಿದ್ದ ಕಾಲ. ನಾನು ಮಾಡಿದ್ದನ್ನು ಹೇಳಿದೆ.

"ಓಗ್ಲಿ ಬುಡಮ್ಮ. ರುಚಿಯಾಗಿತ್ತಾ?"

ಹೂಂ ಎಂದೆ.

ಆ ವರ್ಷ ಪಾರ್ಕಿನಲ್ಲಿ ಬರೀ ರಾಗಿ, ನಡುನಡುವೆ ಖಾಲಿ ಸಾಲು. ಮರುವರ್ಷ ಬಿತ್ತನೆಗೆ ಮೊದಲೇ ಸಾಬರು ತೀರಿಕೊಂಡರು.

ಇವತ್ತೂ ಸೊಸೆಯನ್ನು ಕೂಗಿ, ಒಂದು ಹಿಡಿ ಹುರಿಯದೆ ತೆಗೆದಿಡು ಎಂದೆ. ಪ್ರತಿ ಸಲವೂ ಹೇಳುತ್ತೇನೆ, ಅವಳೂ ಯಾಕೆಂದು ಕೇಳುವುದನ್ನು ಬಿಟ್ಟಿದ್ದಾಳೆ. ಡಬ್ಬಿಯಲ್ಲಿ ಬೀಜವಿದೆ. ಕೇಳಿಕೊಂಡು ಬರುವವರಿಲ್ಲ.